ಕೃಷಿ ವಿಶ್ವವಿದ್ಯಾನಿಲಯದ ತಾಂತ್ರಿಕ ಸಹಾಯಕರು: ಅವರ ಶಿಕ್ಷಣವರ್ಗಗಳೂ ಸ್ನೇಹಸಮ್ಮೇಳನಗಳೂ

ತಾಳಿಕೋಟೆಯ ಸುತ್ತಲಿನ ಎರೆ ಭೂಮಿಯ ಒಕ್ಕಲುತನವನ್ನು ಬಲ್ಲವರಿಗೆ ಡೋಣಿಯ ಹೆಸರನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಜತ್ತ ಸೀಮೆಯ ಕಡೆಯಿಂದ ಇಳಿದು ಬಂದು, ವಿಜಯಪುರ ಜಿಲ್ಲೆಯನ್ನು ಪಶ್ಚಿಮದಿಂದ ಪೂರ್ವಕ್ಕೆ ಹಾಯ್ದು, ತಾಳಿಕೋಟೆಯ ಮಗ್ಗುಲಿನಿಂದ ಸಾಗಿ ಕೃಷ್ಣೆಯನ್ನು ಕೂಡುವ ಈ ಹೊಳೆಯ ನೀರು ಉಪ್ಪು, ದಂಡೆಯ ಮಣ್ಣು ಮಾತ್ರ ಬಂಗಾರ. ಡೋಣಿ ಬೆಳೆದರೆ ಕಾಳನ್ನು ಉಂಡು ತೀರಿಸುವವರಾರು, ಬೆಳೆಯದಿದ್ದರೆ ಉಣ್ಣಲು ಉಳಿಯುವವರಾರು ಎಂಬ ಅರ್ಥದ ನಾಣ್ಣುಡಿ ಈ ಸೀಮೆಯಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಇಂಥ ಭೂಮಿಯಲ್ಲಿ ಒಂದು ಹಂಗಾಮಿನ ತಪ್ಪು ಸಣ್ಣ ತಪ್ಪಲ್ಲ. ಹಿಂಗಾರಿಯ ಬಿತ್ತಿಗೆಗೆ ಭೂಮಿ ವರ್ಷಕ್ಕೊಂದೇ ಸಲ ಹದ ಕೊಡುತ್ತದೆ. ಆ ಹದ ತಪ್ಪಿದರೆ, ಇಲ್ಲವೆ ಆ ಹದದಲ್ಲಿ ಸಲ್ಲದ ಬೀಜವನ್ನೋ ಸಲ್ಲದ ಗೊಬ್ಬರವನ್ನೋ ಹಾಕಿದರೆ, ಮುಂದಿನ ಹದಕ್ಕಾಗಿ ಹನ್ನೆರಡು ತಿಂಗಳು ಕಾಯಬೇಕು.

ಆದುದರಿಂದಲೇ ಈ ಸೀಮೆಯ ಹಿರಿಯರು ಕೃಷಿ ವಿಶ್ವವಿದ್ಯಾನಿಲಯದ ಹಾಗೂ ಇಲಾಖೆಯ ಸಿಬ್ಬಂದಿಯಿಂದ ಸಕಾಲದ ಸಲಹೆಯನ್ನು ಬಯಸುವುದು ನ್ಯಾಯವಾಗಿದೆ. ಸಲಹೆ ಸಿಕ್ಕದಾಗ ಅವರಾಡುವ ಮಾತೂ ಕಿವಿಗೆ ಬೀಳದೆ ಇರುವುದಿಲ್ಲ: “ಹೊಲಕ್ಕ ಕರಿಯಾಕ ಹೋದರ ಧಾರವಾಡಕ್ಕ ತರಬೇತಿಗೆ ಹೋಗ್ಯಾರಂತ, ಮರುವಾರ ಹೋದರ ಮೇಳದ ಕೆಲಸದಾಗ ಅದಾರಂತ.” ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲವೆನ್ನುವಂತಿಲ್ಲ. ಆದರೆ ಆ ತರಬೇತಿಯೆಂದರೇನು, ಆ ಕೂಟಗಳಲ್ಲಿ ನಡೆಯುವುದೇನು, ಅವು ನಡೆಯದಿದ್ದಲ್ಲಿ ಹಾನಿ ಯಾರಿಗೆ ಎಂಬುದನ್ನು ವಿಚಾರಿಸಿ ನೋಡಿದರೆ, ಆಕ್ಷೇಪಣೆಯ ಗುರಿ ಸ್ವಲ್ಪ ಬೇರೆಯಾಗಬೇಕೆಂದು ಕಂಡುಬರುತ್ತದೆ.

ಮೊದಲಿಗೆ, ತಾಂತ್ರಿಕ ಸಹಾಯಕರೆಂದರೆ ಯಾರು ಎಂಬುದನ್ನು ತಿಳಿಯತಕ್ಕದ್ದು. ಹಳ್ಳಿಯವರ ಬಾಯಲ್ಲಿ ಎಲ್ಲರೂ “ಸಾಹೇಬರು” ಆಗಿರುವುದರಿಂದ ಈ ಭೇದವು ಮರೆಯಾಗುತ್ತದೆ. ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರೂ ವಿಜ್ಞಾನಿಗಳೂ ಇರುವಂತೆಯೇ ಕ್ಷೇತ್ರ ಸಹಾಯಕರು, ಪ್ರಯೋಗಶಾಲೆಯ ಸಹಾಯಕರು, ಕ್ಷೇತ್ರ ವ್ಯವಸ್ಥಾಪಕರು, ಯಂತ್ರ ನೋಡಿಕೊಳ್ಳುವವರು ಎಂಬುದಾಗಿ ಮತ್ತೊಂದು ವರ್ಗವುಂಟು. ವಿಜ್ಞಾನಿಯು ಪ್ರಯೋಗವನ್ನು ಗೊತ್ತುಮಾಡುತ್ತಾನೆ. ಕೂರಿಗೆಯ ತಾಳುಗಳ ಅಂತರವನ್ನು ಅಳೆದು ಬಿತ್ತಿಸುವವನು ಕ್ಷೇತ್ರ ಸಹಾಯಕ. ವಿಜ್ಞಾನಿಯು ಮಣ್ಣಿನ ಗುಣವನ್ನು ವಿವರಿಸುತ್ತಾನೆ. ಮಣ್ಣನ್ನು ಜರಡಿ ಹಿಡಿದು ನೀರಿನಲ್ಲಿ ಕಲಸಿ ಯಂತ್ರದ ಮುಳ್ಳನ್ನು ಓದುವವನು ಪ್ರಯೋಗಶಾಲೆಯ ಸಹಾಯಕ. ಒಂದು ಕೃಷಿ ವಿಜ್ಞಾನ ಕೇಂದ್ರಕ್ಕೆ ಮಂಜೂರಾಗಿರುವ ೧೬ ಹುದ್ದೆಗಳಲ್ಲಿ ಮುಖ್ಯಸ್ಥನೊಬ್ಬ, ವಿಷಯ ತಜ್ಞರು ಆರು ಜನ; ಕ್ಷೇತ್ರ ವ್ಯವಸ್ಥಾಪಕನನ್ನೂ ಪ್ರಯೋಗಶಾಲೆಯವನನ್ನೂ ಗಣಕಯಂತ್ರದವನನ್ನೂ ಸೇರಿಸಿ ತಾಂತ್ರಿಕ ಸಹಾಯಕರು ಕೇವಲ ಮೂವರು. ಉಳಿದವರು ಕಚೇರಿಯ ಇಬ್ಬರು, ವಾಹನ ನಡೆಸುವ ಇಬ್ಬರು, ಕೈಕೆಲಸದ ಇಬ್ಬರು. ವಿಜಯಪುರ ಜಿಲ್ಲೆಯಲ್ಲಿ ಇಂಥ ಕೇಂದ್ರಗಳು ಎರಡು. ಒಂದು ವಿಜಯಪುರದ ಬಳಿಯ ಹಿಟ್ಟಿನಹಳ್ಳಿಯ ಕ್ಷೇತ್ರದಲ್ಲಿ, ಇನ್ನೊಂದು ಇಂಡಿಯಲ್ಲಿ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ೨೦೧೮ರಲ್ಲಿ ಬೇರೆ ತಾಲೂಕಾಗಿ ಕೆಲಸಕ್ಕೆ ತೊಡಗಿದ ತಾಳಿಕೋಟೆ, ಇವೆಲ್ಲಕ್ಕೂ ಈ ಬೆರಳೆಣಿಕೆಯ ಕೈಗಳೇ ಆಧಾರ. ಅಂದಮೇಲೆ ಆ ಕೈಗಳು ನುರಿತಿವೆಯೋ ಇಲ್ಲವೋ ಎಂಬುದು ಜಮೀನುದಾರನ ಸ್ವಂತ ಹಿತದ ಪ್ರಶ್ನೆಯಾಗಿದೆ.

ಈ ವರ್ಗದವರ ಸೇವೆಯು ಇಂದು ನೆನ್ನೆಯದಲ್ಲ. ೧೮೭೬ರಿಂದ ೧೮೭೮ರ ವರೆಗಿನ ಬರದ ಕಥೆಯನ್ನು ವಿಜಯಪುರ ಸೀಮೆ ಇನ್ನೂ ಮರೆತಿಲ್ಲ. ಮಳೆಯಾಶ್ರಿತ ಬೇಸಾಯವನ್ನು ಶಾಸ್ತ್ರೀಯವಾಗಿ ಅಭ್ಯಸಿಸಲು ೧೯೩೩ರಿಂದ ೧೯೩೫ರ ವರೆಗಿನ ಅವಧಿಯಲ್ಲಿ ಸೋಲಾಪುರ, ವಿಜಯಪುರ, ರಾಯಚೂರು, ಹಗರಿ, ರೋಹ್ತಕ್ ಎಂಬ ಐದು ಸ್ಥಳಗಳಲ್ಲಿ ಸಂಶೋಧನ ಕೇಂದ್ರಗಳು ಏರ್ಪಟ್ಟವು. ಬಿದ್ದ ಮಳೆಯೆಷ್ಟು, ಹರಿದುಹೋದ ನೀರೆಷ್ಟು, ಮಣ್ಣಿನ ಹೊಟ್ಟೆಯಲ್ಲಿ ಉಳಿದ ತೇವವೆಷ್ಟು ಎಂಬ ಲೆಕ್ಕಗಳು ಅಂಥ ಕೇಂದ್ರಗಳ ಜೀವಾಳ. ಆ ಲೆಕ್ಕವನ್ನು ದಿನದಿನವೂ ಬರೆದಿಟ್ಟವರು ಯಾವ ಗ್ರಂಥದ ಮೇಲೂ ಹೆಸರು ಬಾರದ ಕ್ಷೇತ್ರ ಸಹಾಯಕರು. ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ ೧೯೩೦ರ ದಶಕದಲ್ಲಿ ಮಾಲದಂಡಿ ಜೋಳದಿಂದ ಆಯ್ದು ತೆಗೆದ ಎಂ ೩೫-೧ ತಳಿಯನ್ನು ಈ ಸೀಮೆಯ ಒಕ್ಕಲುಮಕ್ಕಳು ಇಂದಿಗೂ ಬಿತ್ತುತ್ತಿದ್ದಾರೆ. ಸಾವಿರಾರು ತೆನೆಗಳಲ್ಲಿ ಒಳ್ಳೆಯದನ್ನು ಗುರುತಿಸಿ, ಚೀಟಿ ಕಟ್ಟಿ, ಒಂದರ ಕಾಳು ಇನ್ನೊಂದರಲ್ಲಿ ಬೆರೆಯದಂತೆ ಕಾಯುವ ಕೆಲಸವು ಓದಿನಿಂದಷ್ಟೇ ಬರತಕ್ಕದ್ದಲ್ಲ, ಕಣ್ಣು ಪಳಗಬೇಕು. ಧಾರವಾಡದ ಕೃಷಿ ಕಾಲೇಜು ೧೯೪೭ರಲ್ಲಿಯೂ, ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ೧೯೬೪ರಲ್ಲಿಯೂ, ಧಾರವಾಡದ್ದು ೧೯೮೬ರ ಅಕ್ಟೋಬರ ೧ರಂದೂ ಆರಂಭವಾದವು. ಇವುಗಳ ನಡುವೆ ೧೯೭೦ರಲ್ಲಿ ಅಖಿಲ ಭಾರತ ಸಮನ್ವಿತ ಒಣಬೇಸಾಯ ಸಂಶೋಧನ ಯೋಜನೆಯು ಹುಟ್ಟಿತು. ವಿಜಯಪುರವು ಅದರ ಕೇಂದ್ರಗಳಲ್ಲೊಂದು. ಹೊಲದಲ್ಲಿ ಚೌಕುಮಡಿಗಳನ್ನು ಕಟ್ಟಿ ಮುಂಗಾರಿಯ ನೀರನ್ನು ಹಿಂಗಾರಿಗೆ ಹಿಡಿದಿಡುವ ಪದ್ಧತಿಯನ್ನು ಈ ಕೇಂದ್ರವು ಒಕ್ಕಲಿಗರಿಗೆ ಬೋಧಿಸಿದುದು ಎಲ್ಲರಿಗೂ ತಿಳಿದದ್ದೇ.

ಇನ್ನು ನುರಿತ ಕೈಗೂ ನುರಿಯದ ಕೈಗೂ ಇರುವ ಭೇದವು ಹೊಲದಲ್ಲಿ ಹೇಗೆ ತೋರುತ್ತದೆಂಬುದನ್ನು ಮಣ್ಣು ಪರೀಕ್ಷೆಯ ವಿಷಯದಿಂದ ತಿಳಿಯಬಹುದು. ೨೦೧೫ರ ಫೆಬ್ರುವರಿಯಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ, ನೀರಾವರಿ ಭೂಮಿಗೆ ಎರಡೂವರೆ ಹೆಕ್ಟೇರಿಗೊಂದು, ಮಳೆಯಾಶ್ರಿತ ಭೂಮಿಗೆ ೧೦ ಹೆಕ್ಟೇರಿಗೊಂದು ಮಾದರಿ ತೆಗೆಯಬೇಕೆಂದು ಗೊತ್ತುಮಾಡಲಾಗಿತ್ತು. ಹತ್ತು ಹೆಕ್ಟೇರೆಂದರೆ ಸುಮಾರು ೨೫ ಎಕರೆ. ಇಪ್ಪತ್ತೈದು ಎಕರೆಯ ಭವಿಷ್ಯವು ಅರ್ಧ ಕಿಲೋ ಮಣ್ಣಿನ ಒಂದು ಚೀಲದಲ್ಲಿ ಅಡಗಿರುತ್ತದೆ! ಆ ಚೀಲವನ್ನು ತುಂಬುವ ಕ್ರಮವಾದರೂ ಎಂಥದು? ಹೊಲದಲ್ಲಿ ಓರೆಕೋರೆಯಾಗಿ ನಡೆಯುತ್ತ ಹದಿನೈದಿಪ್ಪತ್ತು ಕಡೆ ಮೇಲಿನ ಕಸಕಡ್ಡಿಯನ್ನು ಸರಿಸಿ, ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ೧೫ ಸೆಂಟಿಮೀಟರು, ಅಂದರೆ ಆರು ಅಂಗುಲ, ಆಳದ ಗುಣಿಯನ್ನು ತೋಡಿ, ಅದರ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದ ಹೋಳನ್ನು ಕೊಯ್ದು ತೆಗೆಯಬೇಕು. ಎಲ್ಲವನ್ನೂ ಕೂಡಿಸಿ ಕಲಸಿ ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲುಗಳನ್ನು ಬಿಡುತ್ತ ಬಿಡುತ್ತ ಅರ್ಧ ಕಿಲೋಗೆ ಇಳಿಸಿ, ನೆರಳಿನಲ್ಲಿ ಒಣಗಿಸಬೇಕು. ಬದುವಿನ ಬುಡ, ತಿಪ್ಪೆಯಿದ್ದ ಜಾಗ, ಮರದ ನೆರಳು, ಹೊಸದಾಗಿ ಗೊಬ್ಬರ ಹಾಕಿದ ಸಾಲು, ಇವನ್ನು ಮುಟ್ಟಬಾರದು. ಸತುವಿನ ಲೇಪವುಳ್ಳ ಬಕೀಟಿನಲ್ಲಿ ಮಣ್ಣು ಕೂಡಿಸಿದರೆ, ಸತುವಿನ ಕೊರತೆಯುಳ್ಳ ಭೂಮಿಯೂ ಪರೀಕ್ಷೆಯಲ್ಲಿ ಕೊರತೆಯಿಲ್ಲದ್ದಾಗಿ ತೋರುತ್ತದೆ.

ಇಷ್ಟನ್ನೂ ಬಿಟ್ಟು, ಬಿಸಿಲಿಗೆ ಬೇಸತ್ತ ಸಹಾಯಕನು ಬದುವಿನ ಬೇವಿನ ಮರದ ಕೆಳಗೇ ಚೀಲ ತುಂಬಿದರೆ ಏನಾಗುವುದೆಂಬುದನ್ನು ಓದುಗರೇ ಊಹಿಸಬಹುದು. ಜಮೀನುದಾರರ ಮನೆಯ ಉಪಚಾರ ಬಲವಾದಲ್ಲಿ ಮಾದರಿ ಸಡಿಲವಾಗುವುದೂ ಉಂಟು. ಚಹದ ಹೊತ್ತು ಹೊಲದ ಹೊತ್ತನ್ನು ತಿಂದುಬಿಡುತ್ತದೆ.

ಮಾದರಿ ಸರಿಯಾಗಿದ್ದರೂ ಪ್ರಯೋಗಶಾಲೆಯಲ್ಲಿ ತಪ್ಪಬಹುದು. ಡೋಣಿಯ ದಂಡೆಯ ಹೊಲಗಳ ಮಟ್ಟಿಗೆ ಇದು ಬಹು ಮುಖ್ಯ. ಕೆಟ್ಟ ಭೂಮಿಯಲ್ಲಿ ಎರಡು ಜಾತಿ. ಸವುಳು ಭೂಮಿಯಲ್ಲಿ ನೀರಿನಲ್ಲಿ ಕರಗುವ ಉಪ್ಪುಗಳು ಮಿತಿಮೀರಿರುತ್ತವೆ. ಬೇಸಿಗೆಯಲ್ಲಿ ಮೇಲೆ ಬಿಳಿಯ ಪೊರೆ ಕಾಣುತ್ತದೆ. ಕರಲು ಅಥವಾ ಕ್ಷಾರ ಭೂಮಿಯಲ್ಲಿ ಮಣ್ಣಿನ ಕಣಗಳನ್ನು ಸೋಡಿಯಂ ಹಿಡಿದುಕೊಂಡಿರುತ್ತದೆ. ನೀರು ಇಂಗದು, ಒಣಗಿದರೆ ಕಲ್ಲಿನಂತಾಗುವುದು. ಮೊದಲನೆಯದಕ್ಕೆ ಬಸಿಗಾಲುವೆ ತೋಡಿ ಒಳ್ಳೆಯ ನೀರಿನಿಂದ ಉಪ್ಪನ್ನು ತೊಳೆದು ಹಾಕುವುದೇ ಚಿಕಿತ್ಸೆ. ಎರಡನೆಯದಕ್ಕೆ ಮೊದಲು ಜಿಪ್ಸಮ್ ಹಾಕಬೇಕು. ಅದಿಲ್ಲದೆ ನೀರು ಹಾಯಿಸಿದರೆ ಮಣ್ಣು ಇನ್ನಷ್ಟು ಕೆಡುತ್ತದೆ. ಸವುಳಿಗೆ ಜಿಪ್ಸಮ್ ಸುರಿದರೆ ಹಣ ಹೋದೀತೇ ಹೊರತು ಉಪ್ಪು ಹೋಗದು. ಈ ಎರಡನ್ನೂ ಬೇರ್ಪಡಿಸುವುದು ಪ್ರಯೋಗಶಾಲೆಯ ಅಂಕಿಗಳು: ಲವಣಾಂಶವನ್ನು ತೋರಿಸುವ ವಿದ್ಯುದ್ವಾಹಕತೆ, ರಸಸಾರ, ವಿನಿಮಯ ಸೋಡಿಯಂ. ರಸಸಾರ ೮.೫ಕ್ಕೆ ಮೇಲೆ, ವಿನಿಮಯ ಸೋಡಿಯಂ ಶೇಕಡಾ ೧೫ಕ್ಕೆ ಮೇಲೆ ಇದ್ದರೆ ಕ್ಷಾರವೆಂದು ಎಣಿಸುವುದು ವಾಡಿಕೆ. ಈಗ, ರಸಸಾರವನ್ನು ಅಳೆಯುವ ಯಂತ್ರವು ತಕ್ಕಡಿಯಂತೆ. ಆಗಾಗ್ಗೆ ಬಟ್ಟಿಟ್ಟು ನೋಡದಿದ್ದರೆ ಸುಳ್ಳು ಹೇಳುತ್ತದೆ. ರಸಸಾರ ೪, ೭, ೯.೨ ಎಂದು ಗೊತ್ತಿರುವ ದ್ರಾವಣಗಳಲ್ಲಿ ಅದ್ದಿ ಅದನ್ನು ಸರಿಪಡಿಸಿಕೊಳ್ಳಬೇಕು. ಅದ್ದುವ ಗಾಜಿನ ಕಡ್ಡಿ ಒಣಗಿದ್ದರೆ, ದ್ರಾವಣ ಹಳತಾಗಿದ್ದರೆ, ೮.೧ ಇರತಕ್ಕದ್ದು ೮.೭ ಎಂದು ತೋರಿದರೆ ಆಶ್ಚರ್ಯವಿಲ್ಲ. ಅಂಕಿಯಲ್ಲಿ ಇದು ಚಿಕ್ಕ ಭೇದ. ಹೊಲದಲ್ಲಿ ಅದು ಗಾಡಿಗಟ್ಟಲೆ ಜಿಪ್ಸಮ್ಮಿನ ಭೇದ. ಈ ಸೂಕ್ಷ್ಮವನ್ನು ಪ್ರಯೋಗಶಾಲೆಯ ಸಹಾಯಕನು ಒಮ್ಮೆ ಕಲಿತರೆ ಸಾಲದು. ಯಂತ್ರಗಳು ಬದಲಾಗುತ್ತಿರುವುದರಿಂದ ಆಗಾಗ್ಗೆ ಕಲಿಯಬೇಕು, ಬೇರೆ ಪ್ರಯೋಗಶಾಲೆಯವರೊಡನೆ ಒಂದೇ ಮಣ್ಣನ್ನು ಹಂಚಿಕೊಂಡು ಪರೀಕ್ಷಿಸಿ ಉತ್ತರಗಳನ್ನು ಹೋಲಿಸಬೇಕು. ಅಣೆಕಟ್ಟಿನ ನೀರು ಏತ ನೀರಾವರಿಯಿಂದ ಹೊಸ ಹೊಲಗಳಿಗೆ ಬರುತ್ತಿರುವ ಈ ಕಾಲದಲ್ಲಿ, ಎರೆ ಭೂಮಿಯಲ್ಲಿ ನೀರು ಹೆಚ್ಚಾಗಿ ಸವುಳೇಳುವ ಭಯವಿರುವುದರಿಂದ, ಈ ಕಲಿಕೆಯ ಅವಶ್ಯಕತೆ ಕಡಮೆಯಾಗಿಲ್ಲ, ಹೆಚ್ಚಾಗಿದೆ.

ಕಲಿತದ್ದು ಹಳತಾಗುವುದೆಂಬುದಕ್ಕೆ ಇನ್ನೊಂದು ನಿದರ್ಶನ. ೨೦೧೮ರ ಮೇ ತಿಂಗಳಲ್ಲಿ ಶಿವಮೊಗ್ಗೆಯಲ್ಲಿ ಗೋವಿನಜೋಳದ ಮೇಲೆ ಒಂದು ಹುಳು ಕಂಡಿತು. ಅಮೆರಿಕಾ ಖಂಡದಿಂದ ಆಫ್ರಿಕೆಗೆ ದಾಟಿದ್ದ ಫಾಲ್ ಸೈನಿಕ ಹುಳು ಭಾರತದಲ್ಲಿ ಕಾಣಿಸಿಕೊಂಡುದು ಅದೇ ಮೊದಲು. ಅದು ಕೆಲವೇ ತಿಂಗಳುಗಳಲ್ಲಿ ರಾಜ್ಯದ ಉದ್ದಗಲಕ್ಕೂ ಹರಡಿತು, ಜೋಳಕ್ಕೂ ದಾಟಿತು. ಅದಕ್ಕೆ ಮುಂಚೆ ಕೆಲಸಕ್ಕೆ ಸೇರಿದ ಯಾವ ಸಹಾಯಕನೂ ತನ್ನ ಶಿಕ್ಷಣದಲ್ಲಿ ಈ ಹುಳುವನ್ನು ಕಂಡವನಲ್ಲ. ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರದಂಥ ಬಿಳಿಯ ಗೆರೆ, ಬಾಲದ ಕಡೆ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆ, ಸುಳಿಯೊಳಗೆ ಕಟ್ಟಿಗೆಹಿಟ್ಟಿನಂಥ ಹಿಕ್ಕೆ: ಇವು ಅದರ ಗುರುತುಗಳು. ಗುರುತು ಬಲ್ಲವನು ಮರಿಹುಳುವಿರುವಾಗಲೇ ಹಿಡಿಯುತ್ತಾನೆ. ಅರಿಯದವನು ಹಳೆಯ ಕೀಡೆಯೇ ಎಂದು ತಿಳಿದು ಹಳೆಯ ಔಷಧವನ್ನೇ ಹೇಳುತ್ತಾನೆ. ಹುಳು ಸುಳಿಯ ಆಳಕ್ಕಿಳಿದ ಮೇಲೆ ಔಷಧ ತಾಗದು. ಆ ವರ್ಷ ಸಹಾಯಕರನ್ನು ಅವಸರದಿಂದ ಕೂಡಿಸಿ ಚಿತ್ರಗಳನ್ನೂ ಜೀವಂತ ಹುಳುಗಳನ್ನೂ ತೋರಿಸಿ ಕಳಿಸಬೇಕಾಯಿತು. ಅಂಥ ದಿನದಲ್ಲಿ “ಸಾಹೇಬರು ತರಬೇತಿಗೆ ಹೋಗಿದ್ದಾರೆ” ಎಂಬ ಉತ್ತರವು ಊರಿಗೆ ಹಿತವಾದ ಉತ್ತರವೇ ಸರಿ.

ತರಬೇತಿಯ ವ್ಯವಸ್ಥೆಗಳು ಹಲವು ಬಗೆ. ೧೯೭೦ರ ದಶಕದ ಕೊನೆಯಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ನಡೆದ ತರಬೇತಿ ಮತ್ತು ಭೇಟಿ ಪದ್ಧತಿಯನ್ನು ಹಿರಿಯ ಓದುಗರು ಮರೆತಿರಲಾರರು. ಆಗ ಗ್ರಾಮ ಮಟ್ಟದ ಸಹಾಯಕನಿಗೆ ಹದಿನೈದು ದಿನಕ್ಕೊಮ್ಮೆ ಗೊತ್ತಾದ ವಾರದಂದು ಪಾಠ, ಉಳಿದ ದಿನಗಳಲ್ಲಿ ಗೊತ್ತಾದ ಊರುಗಳಿಗೆ ಭೇಟಿ. ದೋಷಗಳಿದ್ದರೂ ಆ ಪದ್ಧತಿಗೆ ಒಂದು ಗುಣವಿತ್ತು: ಯಾವ ದಿನ ಮನುಷ್ಯ ಸಿಕ್ಕುವನು, ಯಾವ ದಿನ ಸಿಕ್ಕಲಾರನು ಎಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು. ಈಗ ವಿಜ್ಞಾನಿಗಳೂ ಇಲಾಖೆಯ ಅಧಿಕಾರಿಗಳೂ ಕೂಡುವ ದ್ವೈಮಾಸಿಕ ಕಾರ್ಯಾಗಾರಗಳು, ವಿಶ್ವವಿದ್ಯಾನಿಲಯದ ಸಿಬ್ಬಂದಿ ತರಬೇತಿ ಘಟಕದ ವರ್ಗಗಳು, ಹೈದರಾಬಾದಿನಲ್ಲಿ ೧೯೭೬ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕೃಷಿ ಸಂಶೋಧನ ನಿರ್ವಹಣಾ ಅಕಾಡೆಮಿಯ ಶಿಬಿರಗಳು, ಹೀಗೆ ಅನೇಕ ಉಂಟು. ಗೊಬ್ಬರ ಔಷಧ ಮಾರುವ ಅಂಗಡಿಕಾರರಿಗೆ ಕೂಡ ೨೦೦೩ರಿಂದ ೪೮ ವಾರಗಳ ಡಿಪ್ಲೊಮಾ ಶಿಕ್ಷಣವು ಏರ್ಪಟ್ಟಿದೆ. ಅಂಗಡಿಯವನು ವಾರಕ್ಕೊಮ್ಮೆ ಪಾಠಕ್ಕೆ ಕೂತು ಪರೀಕ್ಷೆ ಬರೆಯುವಾಗ, ಅವನ ಮಾತಿನ ತಪ್ಪೊಪ್ಪನ್ನು ಹೇಳಬೇಕಾದ ಸಹಾಯಕನು ಹತ್ತು ವರ್ಷದ ಹಿಂದಿನ ಪಾಠದಲ್ಲಿಯೇ ನಿಂತರೆ ಅದು ನಗೆಗೀಡಾದ ಸಂಗತಿ.

ಇಲ್ಲಿ ಎರಡು ದೋಷಗಳನ್ನು ಮುಚ್ಚದೆ ಹೇಳಬೇಕು. ಒಂದು, ಶಿಕ್ಷಣದ ಅವಕಾಶಗಳು ಮೇಲಿನವರಿಗೆ ಹೆಚ್ಚಾಗಿಯೂ ಕೈಯಲ್ಲಿ ಗುದ್ದಲಿ, ಚೀಲ, ಅಳತೆಪಟ್ಟಿ ಹಿಡಿಯುವವರಿಗೆ ಕಡಮೆಯಾಗಿಯೂ ಸಿಕ್ಕುವುದು. ಇದು ನಮ್ಮ ದೇಶಕ್ಕೆ ಮಾತ್ರ ಸೇರಿದ ದೋಷವಲ್ಲ. ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳು ೨೦೧೭ರಲ್ಲಿ ಒಂದು ಒಡಂಬಡಿಕೆಗೆ ಕೈಹಾಕಿದವು. ತಾಂತ್ರಿಕ ಸಿಬ್ಬಂದಿಯ ಕೆಲಸವು ಕಣ್ಣಿಗೆ ಕಾಣುವಂತಿರಬೇಕು, ಅದಕ್ಕೆ ಮನ್ನಣೆ ದೊರೆಯಬೇಕು, ಅವರಿಗೆ ಮುಂದುವರಿಯುವ ದಾರಿಯಿರಬೇಕು, ಅವರ ಕೌಶಲವು ಮುಂದಿನವರಿಗೆ ಉಳಿಯಬೇಕು ಎಂಬುದು ಅದರ ಸಾರ. ಹಳೆಯ ಹಳೆಯ ವಿದ್ಯಾಪೀಠಗಳಿದ್ದ ದೇಶದಲ್ಲಿಯೂ ಇಂಥ ಒಡಂಬಡಿಕೆ ಆ ವರ್ಷದವರೆಗೆ ಕಾಯಬೇಕಾಯಿತೆಂಬುದು ಗಮನಿಸತಕ್ಕದ್ದು. ಎರಡನೆಯ ದೋಷ, ಕಾಲದ್ದು. ಹಣಕಾಸಿನ ವರ್ಷ ಮುಗಿಯುವ ಮಾರ್ಚಿಯಲ್ಲಿ ವರ್ಗಗಳನ್ನು ಕೂಡಿಸುವ ರೂಢಿ ಅಲ್ಲಲ್ಲಿ ಉಂಟು. ತೊಗರಿಯ ಕಾಯಿಕೊರಕದ ಪಾಠವನ್ನು ತೊಗರಿ ಹೂ ಬಿಡುವಾಗ ಹೊಲದಲ್ಲಿ ನಿಂತು ಹೇಳಬೇಕು. ಕಾಳು ಚೀಲಕ್ಕೆ ಸೇರಿದ ಮೇಲೆ ಗೋಡೆಯ ಮೇಲಿನ ಚಿತ್ರದಿಂದ ಹೇಳಿದರೆ ಪ್ರಯೋಜನ ಅರ್ಧ. ಬಿತ್ತಿಗೆಯ ಪಾಠವು ಶ್ರಾವಣದಲ್ಲಿ ಆಗಬೇಕು. ಜಮೀನುದಾರರ ಆಕ್ಷೇಪಣೆಯು ತರಬೇತಿಯ ಮೇಲಲ್ಲ, ಅದರ ಅಕಾಲದ ಮೇಲೆ ಹರಿದರೆ ಅದಕ್ಕೆ ಬೆಲೆ ಬರುವುದು.

ಇನ್ನು ಕೂಟಗಳ ಮಾತು. ಧಾರವಾಡದ ಕೃಷಿಮೇಳಕ್ಕೆ ಹೋಗಿ ಬಂದ ಓದುಗರು ಬಹಳ ಜನ. ಅಲ್ಲಿ ಒಕ್ಕಲಿಗರು ನೋಡುವುದು ಬೀಜ, ಯಂತ್ರ, ಎತ್ತು, ಹೂವು. ಅವರ ಕಣ್ಣಿಗೆ ಬೀಳದ ಇನ್ನೊಂದು ಮೇಳವೂ ಅಲ್ಲಿ ನಡೆದಿರುತ್ತದೆ. ಬೇರೆ ಬೇರೆ ಕೇಂದ್ರಗಳ ಸಹಾಯಕರು ಪ್ರದರ್ಶನದ ತಾಕುಗಳನ್ನು ಸಿದ್ಧಪಡಿಸುತ್ತ, ರಾತ್ರಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತು ತಮ್ಮ ತಮ್ಮ ಸೀಮೆಯ ಸುದ್ದಿ ಹೇಳಿಕೊಳ್ಳುತ್ತಾರೆ. ಯಾವ ತಳಿ ಎಲ್ಲಿ ಕೈಕೊಟ್ಟಿತು, ಯಾವ ಔಷಧಕ್ಕೆ ಹುಳು ಜಗ್ಗಲಿಲ್ಲ, ಯಾವ ಯಂತ್ರದ ಯಾವ ಬಿಡಿಭಾಗ ಎರಡು ದಿನದಲ್ಲಿ ಮುರಿಯಿತು, ಇವು ಮುದ್ರಿತ ವರದಿಯಲ್ಲಿ ಬರಲು ವರ್ಷ ಬೇಕು. ಪಂಕ್ತಿಯಲ್ಲಿ ಹೋಳಿಗೆ ಬಡಿಸುವುದರೊಳಗೆ ಬಂದುಬಿಡುತ್ತವೆ. ಕ್ಷೇತ್ರೋತ್ಸವಗಳು, ಆಯುಧಪೂಜೆಯ ದಿನ ಕ್ಷೇತ್ರದ ಯಂತ್ರಗಳಿಗೆಲ್ಲ ಮಾಡುವ ಪೂಜೆ, ಎಳ್ಳಮಾವಾಸ್ಯೆಯಂದು ಜೋಳದ ಹೊಲದಲ್ಲಿ ಚರಗ ಚೆಲ್ಲಿ ಸಜ್ಜೆಯ ಕಡುಬು, ಪುಂಡಿಪಲ್ಯ, ಶೇಂಗಾ ಹೋಳಿಗೆಗಳನ್ನು ಕೂಡಿ ಉಣ್ಣುವುದು, ಇವೆಲ್ಲ ಆ ಬಗೆಯವೇ.

ತಾಳಿಕೋಟೆಯ ಮಟ್ಟಿಗೆ ಈ ಪರಿಚಯಗಳ ಬೆಲೆ ಹೆಚ್ಚು. ಅದಕ್ಕೆ ಕಾರಣವಿದೆ. ೨೦೦೯ರಲ್ಲಿ ರಾಯಚೂರಿನ ಕೃಷಿ ವಿಶ್ವವಿದ್ಯಾನಿಲಯವು ಧಾರವಾಡದ್ದರಿಂದ ಬೇರೆಯಾಯಿತು. ವಿಜಯಪುರ ಜಿಲ್ಲೆ ಧಾರವಾಡಕ್ಕೆ ಉಳಿಯಿತು. ಕಲಬುರಗಿ, ಯಾದಗಿರಿ ಸೀಮೆಗಳು ರಾಯಚೂರಿಗೆ ಹೋದವು. ತಾಳಿಕೋಟೆಯ ಪೂರ್ವಕ್ಕೆ ಕೆಲವು ಹರದಾರಿ ನಡೆದರೆ ಸುರಪುರದ ಕಡೆಯ ಊರುಗಳು. ಅಲ್ಲಿ ಕಾಲಿಟ್ಟರೆ ಬೇರೆ ಜಿಲ್ಲೆ, ಬೇರೆ ವಿಶ್ವವಿದ್ಯಾನಿಲಯ, ಬೇರೆ ಸಿಬ್ಬಂದಿ. ಎರೆ ಮಣ್ಣು ಮಾತ್ರ ಅದೇ, ತೊಗರಿಯೂ ಅದೇ, ರೋಗವೂ ಅದೇ. ೨೦೨೨ರಲ್ಲಿ ಕಲಬುರಗಿ, ವಿಜಯಪುರ ಜಿಲ್ಲೆಗಳ ತೊಗರಿಗೆ ನೆಟೆ ರೋಗ ಬಿದ್ದು, ಹೂಕಾಯಿ ಹಿಡಿದು ನಿಂತ ಬೆಳೆ ಹೊಲ ಹೊಲಗಳೇ ಒಣಗಿಹೋದುದನ್ನು ಓದುಗರು ಕಣ್ಣಾರೆ ಕಂಡಿದ್ದಾರೆ. ಆದರೆ “ನೆಟೆ” ಎಂಬ ಒಂದೇ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ರೋಗಗಳು ಅಡಗಿವೆ. ಸೊರಗು ರೋಗವಾದರೆ ಕಾಂಡವನ್ನು ಚಾಕುವಿನಿಂದ ಸೀಳಿದಾಗ ಒಳಗೆ ಕಂದುಕಪ್ಪು ಗೆರೆಗಳು ಕಾಣುತ್ತವೆ, ಬುಡದಿಂದ ಮೇಲಕ್ಕೆ ನೇರಿಳೆ ಬಣ್ಣದ ಪಟ್ಟಿ ಏರಿರುತ್ತದೆ. ಒಣ ಬೇರುಕೊಳೆಯಾದರೆ ಗಿಡವನ್ನು ಕಿತ್ತಾಗ ಬೇರು ಕಡ್ಡಿಯಂತೆ ಮುರಿಯುತ್ತದೆ, ತೊಗಟೆ ಸುಲಿದುಬರುತ್ತದೆ, ಅದರ ಕೆಳಗೆ ಸಾಸಿವೆಗಿಂತಲೂ ಸಣ್ಣ ಕಪ್ಪು ಕಣಗಳಿರುತ್ತವೆ. ತೇವ ಕಡಮೆಯಾಗಿ ಬಿಸಿಲು ಏರಿದಾಗ ಇದರ ಹಾವಳಿ. ಎರಡಕ್ಕೂ ಬೆಳೆ ಒಣಗತೊಡಗಿದ ಮೇಲೆ ಸಿಂಪಡಿಸುವ ಔಷಧದಿಂದ ಹೇಳಿಕೊಳ್ಳುವಂಥ ಗುಣವಿಲ್ಲ. ಬಿತ್ತುವ ಮುಂಚೆ ಬೀಜಕ್ಕೆ ಟ್ರೈಕೋಡರ್ಮಾ ಲೇಪಿಸುವುದು, ರೋಗ ತಡೆಯುವ ತಳಿಯನ್ನು ಆರಿಸುವುದು, ವರ್ಷ ವರ್ಷವೂ ತೊಗರಿಯ ಮೇಲೆ ತೊಗರಿ ಬಿತ್ತದೆ ನಡುವೆ ಜೋಳವನ್ನು ತರುವುದು, ಇವೇ ಉಪಾಯ. ರೋಗವು ಗಡಿಯಾಚೆಯ ಹೊಲದಲ್ಲಿ ಮೊದಲು ತೋರಿದರೆ, ಆಚೆಯ ಸಹಾಯಕನು ಈಚೆಯವನನ್ನು ಹೆಸರಿಡಿದು ಕರೆದು ಹೇಳುವಷ್ಟು ಪರಿಚಯವಿದ್ದಲ್ಲಿ ಆ ದಿನವೇ ಸುದ್ದಿ ಮುಟ್ಟುತ್ತದೆ. ಇಲ್ಲದಿದ್ದಲ್ಲಿ ಕಾಗದವು ರಾಯಚೂರಿಗೆ ಹೋಗಿ, ಧಾರವಾಡಕ್ಕೆ ಬಂದು, ವಿಜಯಪುರಕ್ಕೆ ಇಳಿದು, ತಾಳಿಕೋಟೆಗೆ ಮುಟ್ಟುವ ಹೊತ್ತಿಗೆ ತೊಗರಿಯ ಕಟ್ಟಿಗೆಯನ್ನು ಒಲೆಗೆ ಹಾಕಿರುತ್ತಾರೆ. ಹೀಗಿರುವಲ್ಲಿ ಎರಡು ವಿಶ್ವವಿದ್ಯಾನಿಲಯಗಳ ಸಹಾಯಕರು ವರ್ಷಕ್ಕೊಮ್ಮೆಯಾದರೂ ಗಡಿಯ ಒಂದು ಹೊಲದಲ್ಲಿ ಕೂಡಿ, ಗಿಡ ಕಿತ್ತು ನೋಡಿ, ಕೂಡಿ ಉಂಡು ಹೋಗುವ ಏರ್ಪಾಡಾದರೆ ಅದರ ಖರ್ಚು ವ್ಯರ್ಥವೆನ್ನುವಂತಿಲ್ಲ.

ಬೀಳ್ಕೊಡುಗೆಯ ಸಮಾರಂಭವನ್ನೂ ಇಲ್ಲಿಯೇ ಹೇಳಬೇಕು. ಮೂವತ್ತು ವರ್ಷ ಒಂದೇ ಕ್ಷೇತ್ರದಲ್ಲಿ ದುಡಿದ ಸಹಾಯಕನಿಗೆ ಶಾಲು, ಹಾರ, ಫಲಪುಷ್ಪಗಳನ್ನು ಕೊಟ್ಟು ಕಳಿಸುವುದು ಯೋಗ್ಯವೇ. ಆದರೆ ಯಾವ ತಾಕಿನಲ್ಲಿ ನೀರು ನಿಲ್ಲುವುದು, ಯಾವ ಮೂಲೆಯಲ್ಲಿ ಸವುಳಿನ ಪಟ್ಟೆಯಿದೆ, ಯಾವ ವರ್ಷ ಯಾವ ಗಾಳಿಗೆ ಜೋಳ ಮಲಗಿತು ಎಂಬ ಜ್ಞಾನ ಅವನೊಡನೆಯೇ ಹೋಗುತ್ತದೆ. ಭಾಷಣಗಳನ್ನು ಎರಡು ಕಡಮೆ ಮಾಡಿ, ಆ ದಿನ ಬೆಳಗ್ಗೆ ಅವನನ್ನು ಮುಂದಿಟ್ಟುಕೊಂಡು ಹೊಸಬರು ಕ್ಷೇತ್ರವನ್ನೆಲ್ಲ ಒಂದು ಸುತ್ತು ತಿರುಗಿ ಬರೆದಿಟ್ಟುಕೊಳ್ಳುವುದು ಮೇಲು.

ಊರ ಹಿರಿಯರಿಂದಲೂ ಜಮೀನುದಾರರಿಂದಲೂ ಆಗಬೇಕಾದುದು ಬಹಳವೇನಿಲ್ಲ. ಸಹಾಯಕರ ಶಿಕ್ಷಣವರ್ಗಕ್ಕೆ ಒಂದೆರಡು ಎಕರೆ ಹೊಲವನ್ನು, ಅದರಲ್ಲಿಯೂ ಕೆಟ್ಟ ಹೊಲವನ್ನು, ತೋರಿಸಲು ಒಪ್ಪಬೇಕು. ಒಳ್ಳೆಯ ಬೆಳೆಯನ್ನು ತೋರಿಸುವ ಹುಮ್ಮಸ್ಸು ಎಲ್ಲರಿಗೂ ಇರುತ್ತದೆ; ಕಲಿಯುವವನಿಗೆ ರೋಗಿಷ್ಠ ಗಿಡವೇ ಗುರು. ಕೊಟ್ಟ ಸಲಹೆ ಫಲಿಸದಿದ್ದಾಗ ಕಟ್ಟೆಯ ಮೇಲೆ ಆಡಿಕೊಳ್ಳುವುದಕ್ಕಿಂತ, ಯಾವ ಸರ್ವೆ ನಂಬರಿನಲ್ಲಿ ಯಾವ ದಿನ ಏನು ಹಾಕಿದುದು, ಏನಾದುದು ಎಂಬುದನ್ನು ಒಂದು ಕಾಗದದಲ್ಲಿ ಬರೆದು ಕೇಂದ್ರಕ್ಕೆ ಕೊಡಬೇಕು. ಮುಂದಿನ ವರ್ಗದಲ್ಲಿ ಅದೇ ಪಾಠವಾಗುವುದು. ಸಹಾಯಕರು ವರ್ಗಕ್ಕೆ ಹೋಗುವ ದಿನಗಳನ್ನು ಮುಂದಾಗಿ ಪಂಚಾಯತಿಯ ಹಲಗೆಯ ಮೇಲೆ ಬರೆಯಿಸಬೇಕೆಂದು ಹಿರಿಯರು ಕೇಳಿಕೊಳ್ಳಬಹುದು. ಹಳೆಯ ಪದ್ಧತಿಯ ಆ ಒಂದು ಗುಣವನ್ನು ಮರಳಿ ತರಲು ಹಣವೇನೂ ಬೇಕಾಗಿಲ್ಲ. ತಿರುಗಿ ಬಂದವನನ್ನು ಊರ ಚಾವಡಿಗೆ ಕರೆದು “ಏನು ಕಲಿತು ಬಂದಿರಿ?” ಎಂದು ಹತ್ತು ಜನರೆದುರು ವಿನಯದಿಂದ ಕೇಳಿದರೆ, ಕಲಿಯದೆ ಬಂದವನು ಮರುಸಲ ಕಲಿತೇ ಬರುತ್ತಾನೆ.

ಮಣ್ಣಿನ ಮಾದರಿಗೆ ಬೇಸಿಗೆಯೇ ಸರಿಯಾದ ಕಾಲ. ಹಿಂಗಾರಿಯ ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ, ಗೊಬ್ಬರ ಹೇರುವ ಮುಂಚೆ, ಜಮೀನುದಾರರು ಸಹಾಯಕನನ್ನು ಬೆಳಗ್ಗೆ ತಂಪಿನಲ್ಲಿ ಕರೆದುಕೊಂಡು ಹೋಗಬೇಕು. ಬಿಳಿಯ ಪೊರೆಯೆದ್ದ ಪಟ್ಟೆಯ ಮಣ್ಣನ್ನು ಒಳ್ಳೆಯ ಮಣ್ಣಿನೊಡನೆ ಬೆರೆಸದೆ ಬೇರೆ ಚೀಲಕ್ಕೆ ಹಾಕಿಸಬೇಕು; ಸವುಳಿನ ಸಂಶಯವಿದ್ದಲ್ಲಿ ಮೇಲಿನ ಆರಂಗುಲವಷ್ಟೇ ಸಾಲದು, ಮೂರಡಿಯ ವರೆಗೆ ಒಂದೊಂದು ಅಡಿಯ ಮಣ್ಣನ್ನು ಬೇರೆ ಬೇರೆಯಾಗಿ ತೆಗೆಯಿಸಬೇಕು. ಚೀಲದ ಒಳಗೊಂದು ಹೊರಗೊಂದು ಚೀಟಿಯಿಟ್ಟು ಊರು, ಸರ್ವೆ ನಂಬರು, ಹಿಂದಿನ ಬೆಳೆ, ಬಿತ್ತಬೇಕೆಂದಿರುವ ಬೆಳೆ, ತೆಗೆದ ತಾರೀಖುಗಳನ್ನು ಬರೆಯಿಸಿ, ಚೀಲದ ಬಾಯಿ ಕಟ್ಟಿದ ಮೇಲೆಯೇ ಚಹಕ್ಕೆ ಕರೆಯಬೇಕು.